ಕೂಲ್‌ಡ್ರಿಂಕ್ಸ್ ಗಾಡಿಯ ಸಂಬಳ, ಊರಲ್ಲಿ ಎರಡೆಕರೆ

ಬಿಡದಿ, ರಾಮನಗರ, ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ಹೊಲವೂ ಉಂಟು, ತಿಂಗಳ ಸಂಬಳವೂ ಉಂಟು ಅನ್ನೋ ಮನೆಗಳು ಬೇಕಾದಷ್ಟಿವೆ. ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿದ ಹುಡುಗರಿಗೆ ಬೇಗ ಸಿಗುವ ಕೆಲಸಗಳಲ್ಲಿ ಒಂದು ಕೂಲ್‌ಡ್ರಿಂಕ್ಸ್, ನೀರಿನ ಬಾಟಲಿ ಸಾಗಿಸುವ ಗಾಡಿಯ ಡ್ರೈವರ್ ಕೆಲಸ. "ಸೇರ್ಕೊಳ್ಳೋದಾ ಸಾರ್, ಜಮೀನು ಕೈಬಿಟ್ಟಂಗಾಗಲ್ವಾ?" ಅಂತ ಫೋನ್ ಮಾಡಿ ಕೇಳುವವರಿದ್ದಾರೆ. ಎರಡು ಎಕರೆಯಲ್ಲಿ ಮಗುವಿನ ಫೀಸು, ಬೋರ್‌ವೆಲ್ ಸಾಲ ಎರಡೂ ಹುಟ್ಟುತ್ತಿಲ್ಲ ಅಂದ್ಮೇಲೆ ಸಂಬಳಕ್ಕೆ ಹೋಗೋದು ಬೇಸಾಯಕ್ಕೆ ಮಾಡುವ ದ್ರೋಹ ಅಲ್ಲ. ಆದರೆ ಸೇರುವ ಮುಂಚೆ ಎರಡು ಕ್ಯಾಲೆಂಡರ್ ಅಕ್ಕಪಕ್ಕ ಇಟ್ಟು ನೋಡಿ: ಒಂದು ನಿಮ್ಮ ಹೊಲದ್ದು, ಇನ್ನೊಂದು ಆ ಗಾಡಿಯದ್ದು.

ತಂಪು ಪಾನೀಯದ ಸುಗ್ಗಿ ಬೇಸಿಗೆ. ಶಿವರಾತ್ರಿ ಕಳೆದ ಮೇಲೆ ಲೋಡು ಏರುತ್ತಾ ಹೋಗಿ, ಮಾರ್ಚ್‌ನಿಂದ ಮೇ ತನಕ ರಜೆ ಕೇಳೋದೇ ಕಷ್ಟ. ಮಳೆ ಹಿಡಿದ ಮೇಲೆ ವ್ಯಾಪಾರ ಇಳಿಯುತ್ತೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಮಳೆಯಾಶ್ರಿತ ರಾಗಿ, ಅವರೆ, ತೊಗರಿ ಹಾಕುವವರಿಗೆ ಇದು ಹೊಂದುತ್ತದೆ. ಜುಲೈ-ಆಗಸ್ಟ್‌ನಲ್ಲಿ ಬಿತ್ತನೆ, ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲು. ಹೊಲಕ್ಕೆ ಆಳು ಬೇಕಾದಾಗ ಗಾಡಿ ಕಡೆ ಎರಡು ದಿನ ರಜೆ ಸಿಗುವ ಸಾಧ್ಯತೆ ಇದೆ. ಬೋರ್‌ವೆಲ್ ನಂಬಿ ಬೇಸಿಗೆ ತರಕಾರಿ ಮಾಡುವವರಿಗೆ ಮಾತ್ರ ಎರಡೂ ಸುಗ್ಗಿ ಒಟ್ಟೊಟ್ಟಿಗೆ ಬಂದು ಕೂರುತ್ತವೆ. ಬೀನ್ಸು, ಸೌತೆ, ಬೆಂಡೆ ಒಂದು ದಿನ ಬಿಟ್ಟು ಒಂದು ದಿನ ಕೀಳಬೇಕು. ಎರಡು ದಿನ ತಡ ಆದ್ರೆ ಬೆಂಡೆ ನಾರು, ಸೌತೆ ಹಳದಿ. ಹಾಗಾದಾಗ ಆಗುವುದಿಷ್ಟೇ: ಬೆವರು ಸುರಿಸಿ ತಂದ ಸಂಬಳವನ್ನು ಕೂಲಿಗೆ ಕೊಟ್ಟು, ನೀವು ಕಣ್ಣಾರೆ ನೋಡದ ಬೆಳೆಯನ್ನು ಮಂಡಿಗೆ ಕಳಿಸೋದು.

ರೇಷ್ಮೆ ಇನ್ನೂ ಬಿಗಿ. ಮೊಟ್ಟೆ ಒಡೆದಾಗಿನಿಂದ ಹಣ್ಣಾಗುವ ತನಕ ಮೂರೂವರೆ ನಾಲ್ಕು ವಾರ, ಹೊತ್ತು ಹೊತ್ತಿಗೆ ಸೊಪ್ಪು. ಚಾಕಿ ಹುಳು ತಂದರೂ ಉಳಿಯುವ ದಿನಗಳೇ ಭಾರವಾದವು. ಮನೆಯಲ್ಲಿ ಇನ್ನಿಬ್ಬರು ಗಟ್ಟಿ ಕೈ ಇದ್ದರೆ ಮಾತ್ರ ಅದರ ಯೋಚನೆ ಮಾಡಿ.

ಸಂಬಳದವರ ಜಮೀನಿಗೆ ಬೆಳೆ ಆರಿಸುವಾಗ ನಾನು ಮೊದಲು ರೇಟು ಕೇಳಲ್ಲ, "ವಾರಕ್ಕೆ ಎಷ್ಟು ದಿನ ಇದರ ಮುಖ ನೋಡಬೇಕು?" ಅಂತ ಕೇಳ್ತೀನಿ. ಬೇರೂರಿದ ಮೇಲೆ ಹುಣಸೆ, ಹಲಸು ಹೆಚ್ಚು ಕಾಟ ಕೊಡಲ್ಲ. ತೆಂಗು ಸುಮಾರು ಒಂದೂವರೆ ತಿಂಗಳಿಗೊಮ್ಮೆ ಕೊಯ್ಲಿಗೆ ಬರುತ್ತದೆ. ಮಾವಿಗೆ ಹೂ ಬಿಡುವಾಗ ಗಮನ ಬೇಕು, ಕೊಯ್ಲು ಸರಿಯಾಗಿ ಏಪ್ರಿಲ್-ಮೇನಲ್ಲೇ, ಅಂದ್ರೆ ಗಾಡಿಯ ಸುಗ್ಗಿಯಲ್ಲೇ ಬೀಳುತ್ತೆ. ನಮ್ಮ ಕಡೆ ಹೂವಿನಲ್ಲೋ ಈಚಿನಲ್ಲೋ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುವ ರೂಢಿ ಇದೆ. ತಾನೇ ನಿಂತು ಮಾರುವವನಿಗೆ ಅದು ನಷ್ಟದ ಲೆಕ್ಕ, ಡ್ಯೂಟಿ ಇರುವವನಿಗೆ ಹಾಗಲ್ಲ. ಹತ್ತು ಮೀಟರ್ ಅಂತರದಲ್ಲಿ ಎಕರೆಗೆ 40 ಮಾವು ನೆಟ್ಟು, ಮರ ತುಂಬಿಕೊಳ್ಳುವ ತನಕ ಸಾಲಿನ ನಡುವೆ ರಾಗಿ, ಹುರುಳಿ ಹಾಕೋದು ಅಂಥವರಿಗೆ ಒಗ್ಗುವ ದಾರಿ.

ಸಂಬಳದಿಂದ ಆಗುವ ಇನ್ನೊಂದು ಉಪಕಾರದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಸಾವಯವ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಪರಿವರ್ತನೆ ಅವಧಿ ಸಾಮಾನ್ಯವಾಗಿ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕಕ್ಕೆ 3 ವರ್ಷ. ಆ ವರ್ಷಗಳಲ್ಲಿ ಇಳುವರಿ ಇಳಿಯಬಹುದು, ಸಾವಯವದ ರೇಟೂ ಸಿಗಲ್ಲ. ಬಹಳ ಜನ ಮತ್ತೆ ಯೂರಿಯಾ ಚೀಲಕ್ಕೆ ಕೈ ಹಾಕೋದು ಅಲ್ಲೇ. ಮನೆ ಖರ್ಚು ಸಂಬಳದಲ್ಲಿ ನಡೆಯುತ್ತಿದ್ದರೆ ಮಣ್ಣಿಗೆ ಆ ಎರಡು ಮೂರು ವರ್ಷ ಬಿಟ್ಟುಕೊಡಬಹುದು. ಕೆಲಸವೂ ಹೊಂದಿಸಿಕೊಳ್ಳುವಂಥದ್ದೇ. ಎಕರೆಗೆ ಬೇಕಾದ ಜೀವಾಮೃತಕ್ಕೆ 200 ಲೀಟರ್ ನೀರು, 10 ಕಿಲೊ ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕಿಲೊ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಶುಕ್ರವಾರ ಬೆಳಿಗ್ಗೆ ಕಲಸಿ ನೆರಳಲ್ಲಿಡಿ, ಡ್ಯೂಟಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಕೋಲಾಡಿಸಿ. ಭಾನುವಾರ ಬೆಳಿಗ್ಗೆ ಹೊಲಕ್ಕೆ ಬಿಡಬಹುದು.

ಇನ್ನು ಕೆಲಸದ ವಿಷಯ. ಸ್ಟೇರಿಂಗ್ ಹಿಡಿದು ಕೂರೋದಷ್ಟೇ ಅಂದ್ಕೊಂಡ್ರೆ ಕೆಟ್ಟಿರಿ. ಚಿಕ್ಕ ಗಾಡಿಗಳಲ್ಲಿ ಲೋಡರ್ ಇರಲ್ಲ, ಡ್ರೈವರೇ ಕೇಸು ಇಳಿಸಬೇಕು. ಎರಡು ಲೀಟರಿನ 9 ಬಾಟಲಿ ಅಂದ್ರೆ ಬರೀ ನೀರೇ 18 ಕಿಲೊ. ಅಂಥವು ದಿನಕ್ಕೆ ಎಷ್ಟೋ! ಜೊತೆಗೆ ಅಂಗಡಿಯವರ ಹತ್ತಿರ ದುಡ್ಡು ವಸೂಲಿ, ಖಾಲಿ ಬಾಟಲಿ ಲೆಕ್ಕ. ಒಡೆದ ಮಾಲು, ಕಡಿಮೆ ಬಿದ್ದ ನಗದು ಯಾರ ತಲೆಗೆ ಅನ್ನೋದನ್ನು ಸೇರುವ ದಿನವೇ ಬಾಯಿಬಿಟ್ಟು ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ.

ನಿಮ್ಮನ್ನು ಕೆಲಸಕ್ಕೆ ತಗೊಳ್ಳೋದು ಯಾರು ಅನ್ನೋದೂ ತಿಳಿದಿರಲಿ. ಗಾಡಿ ಮೇಲಿನ ಹೆಸರು ದೊಡ್ಡದಿದ್ದರೂ ಸಂಬಳ ಕೊಡೋದು ಊರಿನ ವಿತರಕನೋ ಗುತ್ತಿಗೆದಾರನೋ ಆಗಿರಬಹುದು. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ ಪಿಎಫ್ ಕಡ್ಡಾಯ: ನಿಮ್ಮ ಮೂಲ ವೇತನ, ತುಟ್ಟಿಭತ್ಯೆಯಲ್ಲಿ ಶೇ. 12, ಮಾಲೀಕರದ್ದೂ ಅಷ್ಟೇ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್‌ಐ, ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25. ಸೊಂಟ ಹಿಡಿದರೆ, ಕೈ ಮುರಿದರೆ ಆಗ ಗೊತ್ತಾಗುತ್ತೆ ಆ ಮುಕ್ಕಾಲು ಪರ್ಸೆಂಟಿನ ಬೆಲೆ. ಕೈಗೆ ಸಾವಿರ ಹೆಚ್ಚು ಕೊಟ್ಟು ಇವೆರಡನ್ನೂ ತಪ್ಪಿಸುವವರ ಬದಲು, ಕೊಂಚ ಕಡಿಮೆ ಕೊಟ್ಟು ಸಂಬಳ ಚೀಟಿ ಕೊಡುವವರೇ ವಾಸಿ ಅಂತ ನನ್ನ ಅಭಿಪ್ರಾಯ.

ಲೈಸೆನ್ಸಿನ ಗೊಂದಲ ಬಹಳ ಮಂದಿಗಿದೆ. ಗಾಡಿ, ಸರಕು ಸೇರಿ ಒಟ್ಟು ತೂಕ 7,500 ಕಿಲೊ ಒಳಗಿದ್ದರೆ ಎಲ್‌ಎಂವಿ ಲೈಸೆನ್ಸಿನಲ್ಲೇ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಗಾಡಿಗೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕು. ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಪಿಎಂ-ಕಿಸಾನ್‌ನ ವರ್ಷದ 6,000 ನಿಂತು ಹೋಗುತ್ತಾ ಅಂತಲೂ ಕೇಳ್ತಾರೆ. ಖಾಸಗಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ನಿಲ್ಲಲ್ಲ. ಹಿಂದಿನ ಸಾಲಿನಲ್ಲಿ ಆದಾಯ ತೆರಿಗೆ ಕಟ್ಟಿದ್ದರೆ ಅನರ್ಹ.

ನನಗೆ ನಿಜವಾಗಿ ಹೆದರಿಕೆ ಇರೋದು ನಿದ್ದೆ ವಿಷಯದಲ್ಲಿ. ಪಂಪಿನ ತ್ರೀ ಫೇಸ್ ಕರೆಂಟು ಪಾಳಿಯಂತೆ ನಡುರಾತ್ರಿ ಬರೋದು ಹೊಸದೇನಲ್ಲ. ಎರಡು ಗಂಟೆಗೆ ಎದ್ದು ಪಂಪು ಹಾಕಿ, ಮಡಿ ತಿರುಗಿಸಿ, ಐದಕ್ಕೆ ಗಾಡಿ ಹತ್ತುವ ಹುಡುಗರನ್ನು ನಾನೇ ಬಲ್ಲೆ. ಮೈಸೂರು ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಂದು ಕ್ಷಣ ರೆಪ್ಪೆ ಮುಚ್ಚಿದರೆ ಹೊಲವೂ ಇಲ್ಲ, ಸಂಬಳವೂ ಇಲ್ಲ. ಆದ್ದರಿಂದ ಮೊದಲ ಮೂರು ತಿಂಗಳ ಸಂಬಳದಲ್ಲಿ ಬೈಕಿನ ಕಂತು ಬೇಡ. ಹನಿ ನೀರಾವರಿ, ಮೊಬೈಲ್ ಸ್ಟಾರ್ಟರ್ ಹಾಕಿಸಿ. ಸ್ಟಾರ್ಟರಿಗೆ ಡ್ರೈ ರನ್ ರಕ್ಷಣೆ ಇರಲೇಬೇಕು. ಬೋರಿನಲ್ಲಿ ನೀರಿಳಿದಾಗ ತಾನಾಗಿ ನಿಲ್ಲದಿದ್ದರೆ ಮೋಟಾರ್ ಸುಟ್ಟು ಹೋಗುತ್ತೆ. ಅದಕ್ಕೂ ದುಡ್ಡಿಲ್ಲದಿದ್ದರೆ ಆ ಬೇಸಿಗೆ ನೀರಾವರಿ ಬೆಳೆಯನ್ನೇ ಬಿಡಿ, ಗಿಡದ ಬುಡಕ್ಕೆ ದಪ್ಪಗೆ ಹೊದಿಕೆ ಹಾಕಿ. ಗಾಡಿಯವರು ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಅನ್ನೋ ಕಾನೂನು ಪಾಲಿಸ್ತಾರಾ ಅಂತ ಈಗಾಗಲೇ ಓಡಿಸುವವರನ್ನು ಕೇಳಿ ತಿಳ್ಕೊಳ್ಳಿ.

ಇನ್ನೊಂದು ಮಾತು, ಗಂಡಸರಿಗೆ. ನೀವು ಗಾಡಿ ಹತ್ತಿದ ದಿನದಿಂದ ಹೊಲ, ಹಟ್ಟಿ, ಡೇರಿಯ ಎರಡು ಹೊತ್ತಿನ ಹಾಲು ಹೆಂಡತಿಯ ಮೇಲೆ, ತಾಯಿಯ ಮೇಲೆ ಬೀಳುತ್ತೆ. "ಸಂಬಳಕ್ಕೆ ಹೋದ" ಅಂತ ಊರು ನಿಮ್ಮನ್ನು ಹೇಳುತ್ತೆ, ಅವರ ದುಡಿಮೆಗೆ ಹೆಸರೇ ಇಲ್ಲ. ಕೆಲಸಕ್ಕೆ ಒಪ್ಪುವ ಮುಂಚೆ ಅವರ ಜೊತೆ ಕೂತು ಯಾವ ದನ ಇಟ್ಟುಕೊಳ್ಳೋದು, ಯಾವುದು ಮಾರೋದು, ಎಷ್ಟು ಗುಂಟೆ ಬೀಳು ಬಿಡೋದು ಅಂತ ಮಾತಾಡಿ. ಹಾಲಿನ ಸಂಘದಲ್ಲಿ ಸದಸ್ಯತ್ವ ನಿಮ್ಮ ಹೆಸರಲ್ಲಿದ್ದರೆ ಅವರ ಹೆಸರಿಗೆ ಮಾಡಿಸುವ ಬಗ್ಗೆ ಕಾರ್ಯದರ್ಶಿಯನ್ನು ಈ ವಾರವೇ ವಿಚಾರಿಸಿ. ಹಾಲು ಕರೆದವರ ಖಾತೆಗೇ ದುಡ್ಡು ಬೀಳಲಿ.