ಒಂದು ಸೇರು ಒಂದು ಕೆಜಿ ಅಲ್ಲ

ಮದಲೂರಿನಿಂದ ಮಧುಗಿರಿವರೆಗೆ ಯಾವ ಅಡುಗೆಮನೆಯಲ್ಲಿ ಕೇಳಿದರೂ ಇದೇ ಮಾತು: ‘ಸೇರು ಅಂದ್ರೆ ಕೆಜಿ ಕಣಮ್ಮ, ಪಾವು ಅಂದ್ರೆ ಕಾಲ್ ಕೆಜಿ.’ ಮದುವೆ ಅಡುಗೆಯವರು ಸೇರಿನಲ್ಲಿ ಬರೆಸಿದ ಪಟ್ಟಿಗೆ ಅಂಗಡಿಯಲ್ಲಿ ಅಷ್ಟೇ ಕೆಜಿ ಕಟ್ಟಿಸುತ್ತಾರೆ. ಬೆಂಗಳೂರು ಸೇರಿದ ಮಕ್ಕಳು ಅಮ್ಮನ ಲೆಕ್ಕವನ್ನು ಫೋನಿನಲ್ಲಿ ಕೇಳಿಕೊಂಡು ಹಿಟ್ಟನ್ನು ತಕ್ಕಡಿಗೆ ಸುರಿಯುತ್ತಾರೆ. ಇದು ಶುದ್ಧ ತಪ್ಪು. ಒಬ್ಬರಾದರೂ ಒಮ್ಮೆ ತೂಗಿ ನೋಡಬಾರದೇ ಎಂದು ಸಿಟ್ಟು ಬರುತ್ತದೆ.

ಸೇರು ಅಳೆಯುವುದು ಜಾಗವನ್ನು. ಈಗ ಸಂತೆಯ ಸೇರೆಂದರೆ ಬಹುಪಾಲು ಲೀಟರ್ ಡಬ್ಬಿಯೇ. ಅದಕ್ಕೆ ನೀರು ತುಂಬಿದರೆ ಒಂದು ಕೆಜಿ, ಸರಿ. ರಾಗಿ ತುಂಬಿದರೆ ಕಾಳು ಕಾಳಿನ ನಡುವೆ ಗಾಳಿ ಉಳಿಯುತ್ತದೆ. 800 ಗ್ರಾಂ ಆಸುಪಾಸು ಸಿಕ್ಕೀತು. ಅಕ್ಕಿಯಾದರೆ 800ರಿಂದ 850. ಅದೇ ರಾಗಿಯನ್ನು ಬೀಸಿಸಿ ಜರಡಿ ಹಿಡಿದರೆ ಹಿಟ್ಟು 600ರ ಹತ್ತಿರಕ್ಕೆ ಇಳಿಯುತ್ತದೆ. ಕುಕ್ಕಿ ಕುಕ್ಕಿ ತುಂಬಿದರೆ ಮತ್ತೆ ನೂರು ಗ್ರಾಂಗೂ ಮೇಲೆ ಏರುತ್ತದೆ. ಕಡ್ಲೆಪುರಿ ಒಂದು ಸೇರು ಕಾಲು ಕೆಜಿಯೂ ತೂಗದು. ಪುರಿ ಕೊಳ್ಳುವಾಗ ಎಲ್ಲರಿಗೂ ಗೊತ್ತಿರುವ ಸತ್ಯ ರಾಗಿಯ ಮುಂದೆ ಯಾಕೆ ಮರೆತುಹೋಗುತ್ತದೆ?

ಗೊಂದಲಕ್ಕೊಂದು ಹಿನ್ನೆಲೆ ಇದೆ, ಒಪ್ಪುತ್ತೇನೆ. ಹಿಂದೆ ತೂಕದ ಸೇರೂ ಇತ್ತು, ಅಳತೆಯ ಸೇರೂ ಇತ್ತು. 80 ತೊಲದ ಪಕ್ಕಾ ಸೇರು ಈಗಿನ 933 ಗ್ರಾಂ. ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರೂ ನಡೆಯುತ್ತಿತ್ತು. ಅದು 280 ಗ್ರಾಂ ಮಾತ್ರ. 1956ರ ಕಾಯ್ದೆಯಿಂದ ಕೆಜಿ ಬಂತು, ತೂಕದ ಸೇರು ಹೋಯಿತು, ಅಳತೆಯ ಸೇರು ಮಾತ್ರ ಮನೆಗಳಲ್ಲಿ ಉಳಿಯಿತು. ಹೋದದ್ದರ ತೂಕವನ್ನು ಉಳಿದದ್ದಕ್ಕೆ ಅಂಟಿಸಿಕೊಂಡೆವು.

ಹಾಗಂತ ಅಜ್ಜಿಯರ ಪಾವನ್ನು ನಾನು ದೂರುವುದಿಲ್ಲ. ಅಕ್ಕಿಗೂ ನೀರಿಗೂ ಒಂದೇ ಪಾವು ಹಿಡಿದರೆ, ಪಾವು ಚಿಕ್ಕದಿರಲಿ ದೊಡ್ಡದಿರಲಿ, ಅನ್ನ ಹದವಾಗಿಯೇ ಬರುತ್ತದೆ. ಕೆಡುವುದು ನೀರನ್ನು ಪಾವಿನಲ್ಲಿ, ಹಿಟ್ಟನ್ನು ತಕ್ಕಡಿಯಲ್ಲಿ ಅಳೆದಾಗ. ಸೇರು ಹಿಟ್ಟು ಬೀಳಬೇಕಾದ ಎಸರಿಗೆ ಕೆಜಿ ಹಿಟ್ಟು ಬಿದ್ದರೆ ಮುದ್ದೆ ಗಂಟುಕಟ್ಟಿ ಕಲ್ಲಾಗುತ್ತದೆ. ಆಮೇಲೆ ಬೈಗುಳ ಮಿಲ್ಲಿನವನಿಗೆ.

ಲೀಟರ್ ಎಣ್ಣೆಯೂ ಕೆಜಿ ಅಲ್ಲ, ಸುಮಾರು 910 ಗ್ರಾಂ. ಪ್ಯಾಕೆಟ್ಟಿನ ಮೇಲೆಯೇ ತೂಕ ಅಚ್ಚಾಗಿರುತ್ತದೆ. ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿಯುಪ್ಪಿಗಿಂತ ಹಗುರ. ಅಡುಗೆ ವಿಡಿಯೋಗಳ ‘ಕಪ್’ ನಿಮ್ಮ ಕಾಫಿ ಲೋಟವಲ್ಲ: ಅಮೆರಿಕದ್ದು ಸುಮಾರು 240 ಮಿಲಿ, ಜಪಾನಿನದು 200.

ವಾಟ್ಸಾಪಿನಲ್ಲಿ ಬರುವ ಪಟ್ಟಿಗಳೋ, ಸಕ್ಕರೆ, ರವೆ, ಮೈದಾ ಎಲ್ಲಕ್ಕೂ ಒಂದೇ ಅಂಕಿ ಹಾಕಿರುತ್ತವೆ. ಅಚ್ಚಾದ ಅಂಕಿ ಕಂಡರೆ ಸಾಕು, ನಂಬಿಬಿಡುತ್ತೇವೆ. ಈ ನಂಬಿಕೆಗೆ ಬೆಲೆ ತೆರುವವರು ಕೂಲಿ ದುಡ್ಡಲ್ಲಿ ಸಂತೆ ಮಾಡುವವರು. ಕೆಜಿ ದರ ಕೊಟ್ಟು ಸೇರು ರಾಗಿ ತಂದ ಹೆಂಗಸಿಗೆ ಪ್ರತಿ ಸಲವೂ 200 ಗ್ರಾಂ ನಷ್ಟ. ಸಣ್ಣ ವಿಷಯ ಅನ್ನುವವರು ಆ ರಾಗಿಯಲ್ಲಿ ಎಷ್ಟು ಮುದ್ದೆ ಆಗುತ್ತದೆಂದು ಅವಳನ್ನೇ ಕೇಳಲಿ.

ನಿಮ್ಮ ಮನೆಯ ಪಾವನ್ನೇ ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ಯಿರಿ. ಬರಿ ಪಾವಿನ ತೂಕ ಮೊದಲು ನೋಡಿಕೊಂಡು, ಅಕ್ಕಿ, ಬೇಳೆ, ಹಿಟ್ಟು ಒಂದೊಂದನ್ನೇ ತುಂಬಿ ತೂಗಿಸಿ. ಹಿಟ್ಟನ್ನು ಒತ್ತಬೇಡಿ, ಬಾಯಿಯ ಮಟ್ಟಕ್ಕೆ ಸವರಿ. ಬಂದ ಅಂಕಿಯಲ್ಲಿ ಪಾವಿನ ತೂಕ ಕಳೆದು ಆಯಾ ಡಬ್ಬಿಯ ಮೇಲೆ ಬರೆದಿಡಿ.