ಪಾಠಸಂಪಾದನೆ ಮತ್ತು ಎಕ್ಸ್‌ಎಸ್‌ಎಲ್‌ಟಿಯ ವಿಧಿಕ್ರಮ

ಪ್ರಾಚೀನ ಕಾವ್ಯದ ಸಂಪಾದಕನು ಪದ್ಯ, ಸಾಲು, ಪಾಠಾಂತರ ಎಂಬ ಒಂದರೊಳಗೊಂದು ಅಡಗಿದ ಘಟಕಗಳೊಡನೆ ವ್ಯವಹರಿಸುತ್ತಾನೆ. ಈ ಅಡಕವನ್ನು ಗಣಕಕ್ಕೆ ತಿಳಿಯುವಂತೆ ಗುರುತಿಸುವ ಕ್ರಮವೇ ಎಕ್ಸ್‌ಎಂಎಲ್. ಹಾಗೆ ಗುರುತಿಸಿದ ಪಠ್ಯವನ್ನು ಮುದ್ರಣಕ್ಕೆ ಅಥವಾ ತೆರೆಗೆ ಒಗ್ಗುವ ರೂಪಕ್ಕೆ ಪರಿವರ್ತಿಸಲು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಶಿಫಾರಸು ಮಾಡಿದ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಇದರ ವಿಧಿಕ್ರಮವನ್ನು ಅರಿಯದಿದ್ದರೆ ಪಾಠವೇ ಕೆಡುವ ಸಂಭವವಿರುವುದರಿಂದ ಇದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ವಿಷಯವಾಗಿದೆ.

ಕಂದಪದ್ಯವೊಂದರ ಒಂದು ಸಾಲಿನಲ್ಲಿ ಒಂದು ಹಸ್ತಪ್ರತಿಯ ಪಾಠ ‘ಪೂ’ ಎಂದೂ ಇನ್ನೊಂದರ ಪಾಠ ‘ಹೂ’ ಎಂದೂ ಇದೆಯೆಂದು ಭಾವಿಸೋಣ. ಎಕ್ಸ್‌ಎಂಎಲ್‌ನಲ್ಲಿ ಘಟಕಗಳ ಹೆಸರು ಕನ್ನಡದಲ್ಲಿಯೇ ಇರಬಹುದು. ಆದುದರಿಂದ ‘ಪದ್ಯ’ದೊಳಗೆ ‘ಸಾಲು’, ಅದರೊಳಗೆ ‘ಪಾಠಭೇದ’, ಅದರೊಳಗೆ ‘ಸ್ವೀಕೃತ’ ಮತ್ತು ‘ಪಾಠಾಂತರ’ ಎಂದು ಗುರುತಿಸಬಹುದು. ಗಣಕವು ಇದನ್ನು ಕೊಂಬೆಗಳುಳ್ಳ ವೃಕ್ಷವಾಗಿ ಗ್ರಹಿಸುತ್ತದೆ.

ಎಕ್ಸ್‌ಎಸ್‌ಎಲ್‌ಟಿಯ ‘ಟೆಂಪ್ಲೇಟ್’ ಒಂದು ವಿಧಿ. ಇಂಥ ಘಟಕ ಎದುರಾದರೆ ಹೀಗೆ ಮಾಡಬೇಕೆಂಬುದು ಅದರ ಸ್ವರೂಪ. ವಿಧಿಯು ತಾನಾಗಿ ಘಟಕವನ್ನು ಅರಸಿಕೊಂಡು ಹೋಗುವುದಿಲ್ಲ. ಮುಂದೆ ಪರಿಶೀಲಿಸಬೇಕಾದ ಘಟಕಗಳನ್ನು ಆರಿಸಿಕೊಡುವುದು ‘ಅಪ್ಲೈ-ಟೆಂಪ್ಲೇಟ್ಸ್’ ಎಂಬ ಆದೇಶ. ಆರಿಸಿದ ಘಟಕಕ್ಕೆ ಯಾವ ವಿಧಿ ಸಲ್ಲುವುದೆಂದು ತಿಳಿಸುವುದು ವಿಧಿಯ ‘ಮ್ಯಾಚ್’ ಎಂಬ ಭಾಗ. ‘ಪದ್ಯ’ದ ವಿಧಿಯಲ್ಲಿ ಈ ಆದೇಶವಿದ್ದರೆ ಕಾರ್ಯವು ಸಾಲುಗಳಿಗೆ ಇಳಿಯುತ್ತದೆ. ಆ ವಿಧಿ ಬರಿದಾಗಿದ್ದರೆ ಪದ್ಯದ ಒಳಗಿನ ಯಾವುದೂ ಫಲಿತದಲ್ಲಿ ಕಾಣಿಸದು.

ಒಂದೇ ಘಟಕಕ್ಕೆ ಎರಡು ವಿಧಿಗಳು ಸಂದಾಗ ವ್ಯಾಕರಣಶಾಸ್ತ್ರದ ಉತ್ಸರ್ಗ-ಅಪವಾದ ನ್ಯಾಯವನ್ನು ಹೋಲುವ ಕ್ರಮವೊಂದು ಅನ್ವಯಿಸುತ್ತದೆ. ಎಲ್ಲ ಘಟಕಗಳಿಗೂ ಸಲ್ಲುವ ನಕ್ಷತ್ರಚಿಹ್ನೆಯ ವಿಧಿಗೆ -0.5, ‘ಪಾಠಾಂತರ’ ಎಂಬ ಹೆಸರಿನ ವಿಧಿಗೆ 0, ‘ಪಾಠಭೇದದೊಳಗಿನ ಪಾಠಾಂತರ’ ಎಂಬ ವಿಧಿಗೆ 0.5 ಆದ್ಯತೆಯಿದ್ದು, ಹೆಚ್ಚಿನ ಆದ್ಯತೆಯುಳ್ಳ ವಿಶೇಷವಿಧಿಯೇ ಗೆಲ್ಲುತ್ತದೆ.

ಯಾವ ವಿಧಿಯನ್ನೂ ಬರೆಯದ ಘಟಕಕ್ಕೆ ಭಾಷೆಯಲ್ಲಿಯೇ ಅಂತರ್ಗತವಾದ ವಿಧಿಗಳು ಅನ್ವಯಿಸುತ್ತವೆ: ಘಟಕವಾದರೆ ಅದರ ಒಳಕ್ಕೆ ಇಳಿಯುವುದು, ಅಕ್ಷರಪಠ್ಯವಾದರೆ ಹಾಗೆಯೇ ನಕಲಿಸುವುದು. ಅಪಾಯವಿರುವುದು ಇಲ್ಲಿಯೇ. ಪಾಠಭೇದ, ಸ್ವೀಕೃತ, ಪಾಠಾಂತರಗಳಿಗೆ ವಿಧಿಯಿಲ್ಲದಿದ್ದರೆ ಎರಡು ಪಾಠಗಳೂ ಬೆಸೆದು ‘ಪೂಹೂ’ ಎಂಬ, ಯಾವ ಹಸ್ತಪ್ರತಿಯಲ್ಲಿಯೂ ಇಲ್ಲದ ರೂಪ ಮೂಡುತ್ತದೆ. ಗಣಕದ ದೃಷ್ಟಿಯಲ್ಲಿ ಇದು ದೋಷವಲ್ಲವಾದುದರಿಂದ ಎಚ್ಚರಿಕೆಯೂ ಬರುವುದಿಲ್ಲ.

ಪಾಠಾಂತರಕ್ಕೆ ಬರಿದಾದ ವಿಧಿಯೊಂದನ್ನು ಬರೆದರೆ ಸಾಲಿನಲ್ಲಿ ‘ಪೂ’ ಮಾತ್ರ ಉಳಿಯುತ್ತದೆ. ಅನಂತರ ಪದ್ಯದ ಕೊನೆಯಲ್ಲಿ, ಎಷ್ಟೇ ಆಳದಲ್ಲಿದ್ದರೂ ಪಾಠಾಂತರಗಳನ್ನಷ್ಟೇ ಆರಿಸಿ, ‘ಮೋಡ್’ ಎಂಬ ಸೌಲಭ್ಯದಿಂದ ಬೇರೊಂದು ವಿಧಿಗೆ ಒಪ್ಪಿಸಿದರೆ ‘ಹೂ’ ಅಡಿಟಿಪ್ಪಣಿಯಾಗಿ ಬರುತ್ತದೆ. ಹೀಗೆ ಒಂದೇ ಕಡತದಿಂದ ವಿದ್ಯಾರ್ಥಿಪ್ರತಿಯನ್ನೂ ವಿದ್ವತ್ಪ್ರತಿಯನ್ನೂ ಸಿದ್ಧಪಡಿಸಬಹುದು.

ಪಾಠನಿರ್ಣಯ ಸಂಪಾದಕನದು, ಆ ನಿರ್ಣಯ ಓದುಗನಿಗೆ ಅವಿಕೃತವಾಗಿ ತಲುಪುವುದು ವಿಧಿಗಳನ್ನು ಅವಲಂಬಿಸಿದೆ. ಆದಕಾರಣ, ಗುರುತಿಸಿದ ಪ್ರತಿಯೊಂದು ಘಟಕಕ್ಕೂ ತಕ್ಕ ವಿಧಿ ಇದೆಯೇ ಎಂದು ಪರಿಶೀಲಿಸುವುದು ಕರಡಚ್ಚು ತಿದ್ದುವಷ್ಟೇ ಅಗತ್ಯವಾದ ಸಂಪಾದನಕಾರ್ಯವಾಗಿದೆ.