ಒಂದೇ ಡಿಶ್, ಎರಡು ಟಿವಿ

ನಿಮ್ಮ ಮನೆಯಲ್ಲೂ ಹೀಗಾಗಿರಬಹುದು, ಸಹೋದರಿ. ಮಕ್ಕಳಿಗೆ ಕ್ರಿಕೆಟ್ ಬೇಕು, ಒಳಕೋಣೆಯಲ್ಲಿ ಮಲಗಿರುವ ಅತ್ತೆಗೆ ಚಂದನದ ವಾರ್ತೆ ಬೇಕು. ಜಗಳ ಬೇಡವೆಂದು ಹಳೆಯ ಟಿವಿಯನ್ನು ಅತ್ತೆಯ ಕೋಣೆಗಿಟ್ಟು, ಇನ್ನೊಂದು ಸೆಟ್‌ಟಾಪ್ ಬಾಕ್ಸ್ ತರುತ್ತೇವೆ. ತಾರಸಿಯ ಮೇಲಿನ ಡಿಶ್ ಮಾತ್ರ ಒಂದೇ. ಮನೆಯ ಹುಡುಗ ಪೇಟೆಯಿಂದ ಕೇಬಲ್ ಟಿವಿಯ ಸ್ಪ್ಲಿಟರ್ ತಂದು ವಯರನ್ನು ಎರಡು ಮಾಡುತ್ತಾನೆ.

ನಮ್ಮಲ್ಲಿ ನಡೆದದ್ದೂ ಇದೇ. ಮಕ್ಕಳು ಚಾನೆಲ್ ಬದಲಿಸಿದರೆ ಸಾಕು, ಅತ್ತೆಯ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರುತ್ತಿತ್ತು. ಬೇಕೆಂದೇ ಕೆಡಿಸುತ್ತಾರೆಂದು ಅವರು ನೊಂದುಕೊಂಡು, ಎರಡು ದಿನ ಮೊಮ್ಮಕ್ಕಳೊಡನೆ ಮಾತೇ ಬಿಟ್ಟರು. ಪಾಪ, ಮಕ್ಕಳ ತಪ್ಪು ಏನೂ ಇರಲಿಲ್ಲ.

ಡಿಶ್‌ನ ಮುಂದೆ ಚಾಚಿದ ಕೋಲಿನ ತುದಿಯಲ್ಲಿರುವುದು ಎಲ್‌ಎನ್‌ಬಿ. ಉಪಗ್ರಹದ ತರಂಗಗಳನ್ನು ಅದು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ವಯರಿನಲ್ಲಿ ಕಳುಹಿಸುತ್ತದೆ. ಕೇಬಲ್ ಟಿವಿಯ ಸ್ಪ್ಲಿಟರ್ ಸಾಮಾನ್ಯವಾಗಿ 1000 ಮೆಗಾಹರ್ಟ್ಸ್‌ವರೆಗಿನದು; ಇಲ್ಲಿಗೆ ಅದು ತಕ್ಕದ್ದೇ ಅಲ್ಲ. ಉಪಗ್ರಹಕ್ಕೆಂದೇ ಮಾಡಿದ ಸ್ಪ್ಲಿಟರ್ ಹಾಕಿದರೂ ಇನ್ನೊಂದು ತೊಡಕಿದೆ. ಉಪಗ್ರಹದ ಚಾನೆಲ್‌ಗಳು ಲಂಬ, ಅಡ್ಡ ಎಂಬ ಎರಡು ಬಗೆಯಲ್ಲಿ ಬರುತ್ತವೆ. ಬಾಕ್ಸ್ ಅದೇ ವಯರಿನಲ್ಲಿ 13 ವೋಲ್ಟ್ ಕಳುಹಿಸಿದರೆ ಎಲ್‌ಎನ್‌ಬಿ ಲಂಬದ್ದನ್ನು ಕೊಡುತ್ತದೆ, 18 ವೋಲ್ಟ್ ಕಳುಹಿಸಿದರೆ ಅಡ್ಡದ್ದನ್ನು. ಒಂದು ಬಾಕ್ಸ್ 13, ಇನ್ನೊಂದು 18 ಕೇಳಿದರೆ 18ರ ಮಾತೇ ನಡೆಯುತ್ತದೆ. ಇಬ್ಬರೂ ಒಂದೇ ಬಗೆಯ ಚಾನೆಲ್ ನೋಡುವಾಗ ಎರಡೂ ಟಿವಿ ಸರಿಯಾಗಿರುತ್ತವೆ. ಅದರಿಂದಲೇ ನಾವು ಮಕ್ಕಳ ಮೇಲೆ ಸಂಶಯಪಟ್ಟದ್ದು! ಇದರ ಮೇಲೆ ಸಿಗ್ನಲ್ ಅರ್ಧಕ್ಕಿಂತ ಕಡಿಮೆಯಾಗಿ ಹಂಚಿಹೋಗುವುದರಿಂದ, ಜಡಿಮಳೆಯಲ್ಲಿ ಚಿತ್ರ ಬೇಗನೆ ಹೋಗಿಬಿಡುತ್ತದೆ.

ನಮಗೆ ಎರಡನೇ ಡಿಶ್ ಹಾಕಿಸಲು ಹೇಳಿದವರೂ ಇದ್ದರು. ಬೇಕಾಗಿಲ್ಲ. ಎರಡು ಬಾಯಿಯ ‘ಟ್ವಿನ್ ಎಲ್‌ಎನ್‌ಬಿ’ ಕೇಳಿ. ಅದರ ಒಂದೊಂದು ಬಾಯಿಯೂ ತನ್ನ ಬಾಕ್ಸ್ ಹೇಳಿದಂತೆ ಬೇರೆಯಾಗಿ ನಡೆಯುತ್ತದೆ. ಡಿಶ್ ಹಳೆಯದೇ ಸಾಕು. ಆರ್‌ಜಿ-6 ಕೇಬಲ್ ಇನ್ನೊಂದು ಎಳೆಯಬೇಕು. ನಿಮ್ಮ ಡಿಶ್ ಯಾವ ಕಂಪೆನಿಯದೆಂದು ಅಂಗಡಿಯಲ್ಲಿ ಹೇಳಲು ಮರೆಯಬೇಡಿ. ವಯರು ಮುಟ್ಟುವ ಮೊದಲು ಎರಡೂ ಬಾಕ್ಸ್‌ಗಳ ಪ್ಲಗ್ ಕಿತ್ತಿಡಿ. ಪಾಚಿ ಹಿಡಿದ ತಾರಸಿಗೆ ಮಕ್ಕಳನ್ನು ಹತ್ತಿಸಬೇಡಿ.

ಖಾಸಗಿ ಕಂಪೆನಿಯ ಬಾಕ್ಸ್ ಆದರೆ ಎರಡನೆಯದಕ್ಕೂ ತಿಂಗಳ ಹಣ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. 2004ರಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂದು ಆರಂಭವಾದ ದೂರದರ್ಶನದ ಫ್ರೀ ಡಿಶ್‌ಗೆ ಆ ಖರ್ಚಿಲ್ಲ.

ಹೊಸ ಕೇಬಲ್ ಎಳೆದ ಸಂಜೆ ಅತ್ತೆ ಮೊಮ್ಮಗನನ್ನು ಕರೆದು ಮಂಚದ ಮೇಲೆ ಕೂರಿಸಿಕೊಂಡರು. ವಾರ್ತೆ ಮುಗಿಯುವ ತನಕ ಅವನು ಕ್ರಿಕೆಟ್‌ಗೆ ಏಳಲಿಲ್ಲ.